ಉತ್ತರ ಗೋಕಾಕ, ಅಂಕ ಸೊನ್ನೆ! - ಒಂದು ಆಯ್ಕೆ ಗುಂಡಿಯ ಚರಿತ್ರೆ

ಒಂದು ರಸಪ್ರಶ್ನೆಯಿಂದಲೇ ಶುರು ಮಾಡೋಣ. ಘಟಪ್ರಭಾ ನದಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಜಲಪಾತ ಯಾವ ಊರಿನ ಹತ್ತಿರ ಇದೆ?

1) ಮೂಡಲಗಿ
2) ಹುಕ್ಕೇರಿ
3) ಗೋಕಾಕ
4) ಸಂಕೇಶ್ವರ

ನಮ್ಮ ಬೆಳಗಾವಿ ಜಿಲ್ಲೆಯವರಿಗೆ ಇದು ಪ್ರಶ್ನೆಯೇ ಅಲ್ಲ ಬಿಡಿ. ಗೋಕಾಕ ಅಂದರೆ ಒಂದು ಫಾಲ್ಸು, ಇನ್ನೊಂದು ಕರದಂಟು. 1887ರಷ್ಟು ಹಿಂದೆಯೇ ಆ ನೀರಿನಿಂದ ಕರೆಂಟು ತೆಗೆದಿದ್ದರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವವರು ನಾವು. ಆದರೆ ಇವತ್ತು ಬರೆಯಹೊರಟಿದ್ದು ಫಾಲ್ಸಿನ ಬಗ್ಗೆ ಅಲ್ಲ. ನೀವು ಮೂರನೆಯದರ ಪಕ್ಕದಲ್ಲಿರುವ ಸಣ್ಣ ವೃತ್ತ ಒತ್ತಿದಿರಿ ಅಂತಿಟ್ಟುಕೊಳ್ಳಿ. ನೀವು ಒತ್ತಿದ್ದು ಗೋಕಾಕವನ್ನೇ ಅಂತ ಕಂಪ್ಯೂಟರಿಗೆ ತಿಳಿಯುವುದು ಹೇಗೆ? ಅದನ್ನು ಓದುವವರು ಯಾರು? ಸರಿಯಾಗಿ ಓದುತ್ತಾರೆ ಅಂತ ನಂಬುವುದು ಹೇಗೆ?

ಇದೇನು ದೊಡ್ಡ ವಿಷಯ ಮಾರಾಯ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಜಾವಾಸ್ಕ್ರಿಪ್ಟ್ ಕಲಿಯಲು ಕೂತವರು ಮೊದಲ ವಾರದಲ್ಲೇ ಮಾಡುವ ಕೆಲಸ ಇದು. ಆದರೆ ಇದರ ಬೆನ್ನು ಹತ್ತಿ ಹೋದರೆ ಕಥೆ ನೂರು ವರ್ಷ ಹಿಂದಕ್ಕೆ ಹೋಗುತ್ತದೆ, ಕೊನೆಗೆ ನಮ್ಮ ಕನ್ನಡದ ಓತ್ವ ಏತ್ವಗಳಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದಿ :-)

* * *

ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿಕೋ ಅನ್ನುವ ಪದ್ಧತಿಯೇ ಹಳೆಯದೇನಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಅಂತ ಒಬ್ಬರು ಶಿಕ್ಷಣ ತಜ್ಞರಿದ್ದರು. ಒಂದೇ ಉತ್ತರ ಪತ್ರಿಕೆಗೆ ಒಬ್ಬ ಮೇಷ್ಟ್ರು ಒಂದು ಅಂಕ, ಇನ್ನೊಬ್ಬರು ಇನ್ನೊಂದು ಅಂಕ ಕೊಡುತ್ತಾರಲ್ಲ, ಈ ಏರುಪೇರಿನ ಮೇಲೆಯೇ ಅವರು 1914ರಲ್ಲಿ ಪ್ರಬಂಧ ಬರೆದರು. ಮರುವರ್ಷ ಮಕ್ಕಳ ಓದುವ ಶಕ್ತಿ ಅಳೆಯಲು ಒಂದು ಪರೀಕ್ಷೆ ತಯಾರಿಸಿದರು. ಮಕ್ಕಳು ಉದ್ದುದ್ದ ಬರೆಯಬೇಕಿಲ್ಲ, ಸರಿಯಾದ ಪದದ ಸುತ್ತ ಒಂದು ಗೆರೆ ಎಳೆದರೆ ಸಾಕು. ನೋಡಿದ ಯಾರಿಗೇ ಆದರೂ ಒಂದೇ ಅಂಕ ಸಿಗಬೇಕು. ಅಂದರೆ ಈ ಆಯ್ಕೆ ಪ್ರಶ್ನೆ ಹುಟ್ಟಿದ್ದೇ ಅನ್ಯಾಯ ತಪ್ಪಿಸಲಿಕ್ಕೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೆರೆ ಎಳೆಯುವುದೇನೋ ಆಯಿತು, ಸಾವಿರಾರು ಹಾಳೆ ನೋಡುವವರು ಯಾರು? ಇಲ್ಲಿ ಬರುತ್ತಾರೆ ರೆನಾಲ್ಡ್ ಜಾನ್ಸನ್. ಇವರು ಮಿಷಿಗನ್ನಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಚಿಕ್ಕವರಿದ್ದಾಗ ಕಾರಿನ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲ್ಲಿನಿಂದ ಗೀಚಿ ಎಂಜಿನ್ ಕೈಕೊಡುವಂತೆ ಮಾಡುತ್ತಿದ್ದರಂತೆ! ಪೆನ್ಸಿಲ್ಲಿನ ಸೀಸ, ಅಂದರೆ ಗ್ರಾಫೈಟ್, ಕರೆಂಟನ್ನು ಹಾಯಲು ಬಿಡುತ್ತದೆ. ಆ ಕಿತಾಪತಿಯೇ ಮುಂದೆ ಯಂತ್ರವಾಯಿತು. ಉತ್ತರದ ಜಾಗದಲ್ಲಿ ಪೆನ್ಸಿಲ್ ಗುರುತಿದ್ದರೆ ಅಲ್ಲಿ ಕರೆಂಟು ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಐಬಿಎಂ ಅವರನ್ನು ಕೆಲಸಕ್ಕೆ ಸೇರಿಸಿಕೊಂಡು 1930ರ ದಶಕದ ಕೊನೆಗೆ 805 ಅನ್ನುವ ಅಂಕ ಎಣಿಸುವ ಯಂತ್ರ ಹೊರತಂದಿತು. (ಇದೇ ಜಾನ್ಸನ್ ಮುಂದೆ 1956ರಲ್ಲಿ ಬಂದ ಮೊದಲ ಹಾರ್ಡ್ ಡಿಸ್ಕಿನ ತಂಡದ ಮುಖ್ಯಸ್ಥರೂ ಆಗಿದ್ದರು. ಕೆಲವರ ಹಣೆಬರಹವೇ ಹಾಗೆ!)

ಆಮೇಲೆ ಕರೆಂಟಿನ ಬದಲು ಬೆಳಕು ಬಂತು. ಕಪ್ಪು ಮಾಡಿದ ವೃತ್ತದಿಂದ ಬೆಳಕು ಕಡಿಮೆ ಹಿಂತಿರುಗುತ್ತದೆ, ಅಷ್ಟೇ ತತ್ವ. ಅದೇ ನಮ್ಮ ಒಎಂಆರ್ ಹಾಳೆ. 1994ರಿಂದ ಕರ್ನಾಟಕದಲ್ಲಿ ಸಿಇಟಿ ಬರೆದ ಪ್ರತಿಯೊಬ್ಬರಿಗೂ ಈ ಹಾಳೆಯ ಪರಿಚಯ ಇದೆ. ವೃತ್ತದ ಹೊರಗೆ ಶಾಯಿ ಹೋದರೆ ಏನು ಗತಿ, ಅರ್ಧ ತುಂಬಿದರೆ ಯಂತ್ರ ಓದುತ್ತದೋ ಇಲ್ಲವೋ ಅಂತ ಹೆದರಿಕೊಂಡೇ ನಾವೆಲ್ಲ ಎಂಜಿನಿಯರಿಂಗ್ ಸೇರಿದ್ದು. ಉತ್ತರ ಗೊತ್ತಿದ್ದರೆ ಸಾಲದು, ಗೊತ್ತಿದೆ ಅನ್ನುವುದು ಯಂತ್ರಕ್ಕೆ ಕಾಣಬೇಕು. ಹಳ್ಳಿಯಿಂದ ಬಂದ ಹುಡುಗ ಹುಡುಗಿಯರಿಗೆ ಎರಡನೆಯದೇ ದೊಡ್ಡ ಪರೀಕ್ಷೆ ಅನ್ನಿಸುತ್ತಿತ್ತು.

* * *

ಈಗ ವೆಬ್ ವಿಷಯಕ್ಕೆ ಬರೋಣ. ಟಿಮ್ ಬರ್ನರ್ಸ್-ಲೀ ಕಟ್ಟಿದ ಮೊದಲ ವೆಬ್‌ನಲ್ಲಿ ಫಾರ್ಮ್ ಅನ್ನುವುದೇ ಇರಲಿಲ್ಲ. ಹುಡುಕಲು ಒಂದು ಪದ ಟೈಪಿಸುವ ಸೌಲಭ್ಯ ಬಿಟ್ಟರೆ ಉಳಿದದ್ದೆಲ್ಲ ಓದುವುದು, ಕೊಂಡಿ ಒತ್ತುವುದು ಅಷ್ಟೇ. 1993ರ ಸುಮಾರಿಗೆ ಮೊಸಾಯಿಕ್ ಬ್ರೌಸರಿನಲ್ಲಿ ಫಾರ್ಮ್ ಬಂತು. 1995ರ ನವೆಂಬರಿನಲ್ಲಿ ಎಚ್‌ಟಿಎಂಎಲ್ 2ರ ನಿಯಮ ಪುಸ್ತಕದಲ್ಲಿ ಅದಕ್ಕೆ ಅಧಿಕೃತ ಜಾಗ ಸಿಕ್ಕಿತು. ಬರೆಯುವ ಪೆಟ್ಟಿಗೆ, ಟಿಕ್ ಮಾಡುವ ಚೌಕ, ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿ, ಮತ್ತೆ ನಮ್ಮ ಕಥಾನಾಯಕ ರೇಡಿಯೋ ಬಟನ್.

ಅದಕ್ಕೆ ರೇಡಿಯೋ ಅಂತ ಯಾಕೆ ಹೆಸರು ಅಂತ ಎಷ್ಟೋ ಮಂದಿ ಕೇಳಿದ್ದಾರೆ. ಹಳೆಯ ಕಾರಿನ ರೇಡಿಯೋಗಳಲ್ಲಿ ಸಾಲಾಗಿ ಗುಂಡಿಗಳಿರುತ್ತಿದ್ದವು. ಒಂದು ಸ್ಟೇಷನ್ನಿನ ಗುಂಡಿ ಒತ್ತಿದರೆ ಅಲ್ಲಿಯವರೆಗೆ ಒಳಗೆ ಕೂತಿದ್ದ ಇನ್ನೊಂದು ಗುಂಡಿ 'ಟಕ್' ಅಂತ ಹೊರಗೆ ಬರುತ್ತಿತ್ತು. ಒಂದೇ ಸಲಕ್ಕೆ ಧಾರವಾಡ ಆಕಾಶವಾಣಿ, ಸಿಲೋನ್ ಎರಡನ್ನೂ ಕೇಳಲಿಕ್ಕೆ ಆಗುವುದಿಲ್ಲವಲ್ಲ! ಅದೇ ನಿಯಮ ತೆರೆಯ ಮೇಲೂ ಬಂತು. ಒಂದೇ ಹೆಸರಿನ ಗುಂಪಿನಲ್ಲಿ ಒಂದೇ ಆಯ್ಕೆ.

ಆದರೆ ಆ 1995ರ ನಿಯಮದಲ್ಲಿ ಒಂದು ವಿಚಿತ್ರ ಇತ್ತು. ಗುಂಪಿನಲ್ಲಿ ಸದಾ ಒಂದು ಗುಂಡಿ ಒತ್ತಿಯೇ ಇರಬೇಕು, ಪುಟ ಬರೆದವರು ಯಾವುದನ್ನೂ ಸೂಚಿಸದಿದ್ದರೆ ಬ್ರೌಸರ್ ತಾನೇ ಮೊದಲನೆಯದನ್ನು ಒತ್ತಿಡಬೇಕು. ರೇಡಿಯೋ ಸೆಟ್ಟಿಗೆ ಇದು ಸರಿ. ರಸಪ್ರಶ್ನೆಗೆ? ನಮ್ಮ ಪ್ರಶ್ನೆಯನ್ನೇ ನೋಡಿ. ಏನೂ ಒತ್ತದೆ ಸುಮ್ಮನೆ ಕೂತ ಹುಡುಗ "ಮೂಡಲಗಿ" ಅಂತ ಉತ್ತರಿಸಿದ ಹಾಗಾಯಿತು! ಗೊತ್ತಿಲ್ಲ ಅನ್ನುವುದಕ್ಕೂ ತಪ್ಪು ಗೊತ್ತು ಅನ್ನುವುದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಸಿಇಟಿಯಲ್ಲಾದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ನೀಟ್‌ನಂಥ ಪರೀಕ್ಷೆಯಲ್ಲಿ ಒಂದು ತಪ್ಪಿಗೆ ಒಂದು ಅಂಕ ಹೋಗುತ್ತದೆ. ಅಂಥ ಕಡೆ ಹೀಗಾದರೆ ಸುಮ್ಮನೆ ಕೂತದ್ದಕ್ಕೂ ದಂಡ.

ಬ್ರೌಸರ್ ತಯಾರಿಸುವವರೂ ಈ ನಿಯಮವನ್ನು ಒಂದೇ ರೀತಿ ಪಾಲಿಸಲಿಲ್ಲ. 1999ರ ಕೊನೆಗೆ ಬಂದ ಎಚ್‌ಟಿಎಂಎಲ್ 4.01 "ಯಾವುದನ್ನೂ ಸೂಚಿಸದಿದ್ದರೆ ಏನಾಗುತ್ತದೆ ಅನ್ನುವುದು ಅನಿರ್ದಿಷ್ಟ" ಅಂತ ಕೈತೊಳೆದುಕೊಂಡಿತು. ಈಗಿನ ನಿಯಮದಲ್ಲಿ ಯಾವುದೂ ಒತ್ತಿರದ ಗುಂಪು ಹಾಗೇ ಖಾಲಿ ಉಳಿಯುತ್ತದೆ. ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ ಮಾತ್ರ ಹಳೆ ಅಭ್ಯಾಸ ಇನ್ನೂ ಇದೆ, ಮೊದಲ ಸಾಲು ತಾನಾಗಿಯೇ ಆಯ್ಕೆಯಾಗಿರುತ್ತದೆ. ಅದಕ್ಕೇ ಎಲ್ಲ ಕಡೆ ಮೊದಲ ಸಾಲಿನಲ್ಲಿ "-- ಆಯ್ಕೆ ಮಾಡಿ --" ಅಂತ ಹಾಕಿರುತ್ತಾರೆ. ಅದು ಅಲಂಕಾರಕ್ಕೆ ಅಲ್ಲ, ಸುಮ್ಮನಿರುವವರ ಹಕ್ಕು ಕಾಯುವುದಕ್ಕೆ.

* * *

ಇಷ್ಟಾದರೂ ಮೊದಮೊದಲು ಉತ್ತರ ಓದುವ ಕೆಲಸ ಬ್ರೌಸರಿನದ್ದಾಗಿರಲಿಲ್ಲ. ನೀವು ಒತ್ತಿದ್ದೆಲ್ಲ ದೂರದ ಸರ್ವರಿಗೆ ಹೋಗಬೇಕು, ಅಲ್ಲಿನ ಪ್ರೋಗ್ರಾಂ ಓದಿ ಹೊಸ ಪುಟ ಕಳಿಸಬೇಕು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಟೆಲಿಫೋನ್ ತಂತಿಯ ಮೇಲೆ ಕುಂಟುತ್ತಾ ಬರುವ ಸಂಪರ್ಕ. ಹೆಸರು ಬರೆಯಲು ಮರೆತಿದ್ದೀರಿ ಅನ್ನುವ ಒಂದು ಸಾಲು ಬರಲಿಕ್ಕೂ ಕಾಯುತ್ತಾ ಕೂರಬೇಕು. ಹತ್ತು ಪ್ರಶ್ನೆಯ ರಸಪ್ರಶ್ನೆ ಆಡುವುದರೊಳಗೆ ಒಂದು ಲೋಟ ಚಹಾ ಮುಗಿಯುತ್ತಿತ್ತೇನೋ.

ಇದಕ್ಕೆ ಮದ್ದು ಅಂತಲೇ ನೆಟ್‌ಸ್ಕೇಪ್ ಕಂಪನಿಯವರು ಬ್ರೌಸರಿನ ಒಳಗೇ ಒಂದು ಸಣ್ಣ ಭಾಷೆ ಬೇಕು ಅಂದರು. ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ ಅದರ ಮೊದಲ ಮಾದರಿ ಬರೆದು ಕೊಟ್ಟರು. ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್, ಡಿಸೆಂಬರ್ 4ರಂದು ಜಗತ್ತಿಗೆ ಸಾರುವ ಹೊತ್ತಿಗೆ ಜಾವಾಸ್ಕ್ರಿಪ್ಟ್. (ಜಾವಾಗೂ ಇದಕ್ಕೂ ಸಂಬಂಧ ಅಷ್ಟಕ್ಕಷ್ಟೇ. ಆಗ ಜಾವಾ ಹೆಸರಿಗೆ ಮಾರ್ಕೆಟ್ ಇತ್ತು, ಹಾಗಾಗಿ ಇಟ್ಟರು.) ಅದರ ಮೊದಮೊದಲ ಉಪಯೋಗವೇ ಫಾರ್ಮಿನಲ್ಲಿ ತುಂಬಿದ್ದನ್ನು ಅಲ್ಲಲ್ಲೇ ಓದಿ ನೋಡುವುದು. ಅಂದರೆ ನಾವು ಇವತ್ತು ಮಾತಾಡುತ್ತಿರುವ ವಿಷಯ ಈ ಭಾಷೆಯ ಬಾಲ್ಯದಲ್ಲೇ ಇದೆ.

ಆಗಿನ ಕ್ರಮ ಹೀಗಿತ್ತು. ಪುಟದಲ್ಲಿರುವ ಫಾರ್ಮುಗಳಿಗೆಲ್ಲ ಸಾಲು ಸಂಖ್ಯೆ, ಸೊನ್ನೆಯಿಂದ ಎಣಿಕೆ. ಫಾರ್ಮಿನೊಳಗೆ ಒಂದು ಹೆಸರಿನ ರೇಡಿಯೋ ಗುಂಡಿಗಳೆಲ್ಲ ಸೇರಿ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಒಬ್ಬೊಬ್ಬರನ್ನೇ "ನೀನು ಒತ್ತಿದ್ದೀಯಾ? ನೀನು? ನೀನು?" ಅಂತ ಕೇಳುತ್ತಾ ಹೋಗಬೇಕು. ಹೌದು ಅಂದವರ ಬೆಲೆ, ಅಂದರೆ ವ್ಯಾಲ್ಯೂ, ತೆಗೆದುಕೊಳ್ಳಬೇಕು. ಹಾಜರಿ ಕೂಗುವ ಮೇಷ್ಟ್ರ ಹಾಗೆ. ತಮಾಷೆ ಏನೆಂದರೆ ಗುಂಪಿನಲ್ಲಿ ಒಂದೇ ಗುಂಡಿ ಇದ್ದರೆ ಪಟ್ಟಿಯೇ ಸಿಗುವುದಿಲ್ಲ, ಆ ಗುಂಡಿಯೇ ನೇರವಾಗಿ ಕೈಗೆ ಬರುತ್ತದೆ. ಆಗ ಹಾಜರಿ ಕೂಗಲು ಹೋದರೆ ಎಷ್ಟು ಜನ ಅಂತಲೇ ಗೊತ್ತಾಗುವುದಿಲ್ಲ, ಪ್ರೋಗ್ರಾಂ ಕೈಕೊಡುತ್ತದೆ. ಎಷ್ಟು ಮಂದಿ ಹೊಸಬರು ಈ ಗುಂಡಿಗೆ ಬಿದ್ದಿದ್ದಾರೋ ಲೆಕ್ಕವಿಲ್ಲ. (ಗುಂಡಿಗೆ ಬೀಳುವುದು ಅಂದರೆ ಇದೇ ಇರಬೇಕು!)

ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿಗೆ ಬೇರೆ ದಾರಿ. ಆಯ್ಕೆಯಾದ ಸಾಲಿನ ಸಂಖ್ಯೆಯನ್ನು ಸೆಲೆಕ್ಟೆಡ್‌ಇಂಡೆಕ್ಸ್ ಅನ್ನುವುದರಿಂದ ತಿಳಿದು, ಆಮೇಲೆ ಆಪ್ಷನ್ಸ್ ಪಟ್ಟಿಯಲ್ಲಿ ಆ ಸಂಖ್ಯೆಯವರನ್ನು ಕರೆದು ಬೆಲೆ ಕೇಳಬೇಕು. ನೇರವಾಗಿ ಪಟ್ಟಿಯನ್ನೇ "ನಿನ್ನ ಬೆಲೆ ಎಷ್ಟು" ಅಂತ ಕೇಳಿದರೆ ನೆಟ್‌ಸ್ಕೇಪ್ 4ರಂಥ ಹಳೆ ಬ್ರೌಸರುಗಳು ಉತ್ತರ ಕೊಡುತ್ತಿರಲಿಲ್ಲ, ಎಕ್ಸ್‌ಪ್ಲೋರರ್ ಕೊಡುತ್ತಿತ್ತು. 1996ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ತನ್ನದೇ ಜೆಸ್ಕ್ರಿಪ್ಟ್ ತಂದ ಮೇಲೆ ಇಬ್ಬರು ದಾಯಾದಿಗಳ ಜಗಳದ ನಡುವೆ ಪುಟ ಬರೆಯುವವರ ಪಾಡು ಹೇಳತೀರದು. 1997ರ ಜೂನಿನಲ್ಲಿ ಎಕ್ಮಾ ಸಂಸ್ಥೆ ಭಾಷೆಗೆ ಒಂದು ಮಾನಕ ಕೊಟ್ಟಿತು, 1998ರ ಅಕ್ಟೋಬರಿನಲ್ಲಿ ಪುಟದ ಒಳಗಿನ ವಸ್ತುಗಳನ್ನು ಮುಟ್ಟುವ ರೀತಿಗೂ ಮಾನಕ ಬಂತು. 2006ರಲ್ಲಿ ಜೆಕ್ವೆರಿ ಬಂದು "ಯಾವ ಬ್ರೌಸರಾದರೂ ಇರಲಿ, ಒತ್ತಿರುವುದನ್ನು ತಾ" ಅಂತ ಒಂದೇ ಸಾಲಿನಲ್ಲಿ ಕೇಳುವುದನ್ನು ಕಲಿಸಿತು. ಈಗ ಅದೂ ಬೇಕಿಲ್ಲ, ಬ್ರೌಸರುಗಳೇ ಆ ವಿದ್ಯೆ ಕಲಿತಿವೆ. ಗುಂಪಿನ ಬೆಲೆ ಕೇಳಿದರೆ ಸಾಕು, ಹಾಜರಿ ಕೂಗುವ ಕೆಲಸವಿಲ್ಲ.

* * *

ಅಷ್ಟಾದರೆ ಎಲ್ಲ ಸುಖಾಂತ ಅಂತ ಮುಗಿಸಬಹುದಿತ್ತು. ಆದರೆ ಈ ಕಥೆ ಬರೆದವರೆಲ್ಲ ಇಂಗ್ಲಿಷಿನಲ್ಲಿ ಯೋಚಿಸಿದವರು. ನಮ್ಮದು ಕನ್ನಡ.

2020ರಲ್ಲಿ ಶಾಲೆಗಳೆಲ್ಲ ಮುಚ್ಚಿ ಪಾಠ ಮೊಬೈಲಿಗೆ ಬಂತಲ್ಲ, ಆಗ ಮೂಡಲಗಿಯಲ್ಲಿರುವ ನನ್ನ ಅಕ್ಕನ ಮಗಳು ಒಂದು ಆನ್‌ಲೈನ್ ರಸಪ್ರಶ್ನೆ ಆಡಿದಳು. ಯಾರು ಮಾಡಿದ್ದು ಅನ್ನುವುದು ಬೇಡ, ಒಳ್ಳೆ ಉದ್ದೇಶದಿಂದ ಮಾಡಿದ್ದೇ. ಜಿಲ್ಲೆಯ ಬಗ್ಗೆ ಇಪ್ಪತ್ತು ಪ್ರಶ್ನೆ. ಮೇಲೆ ಕೊಟ್ಟಿದ್ದೀನಲ್ಲ, ಅಂಥದ್ದೇ ಫಾಲ್ಸಿನ ಪ್ರಶ್ನೆಯೂ ಇತ್ತು. ಅವಳು ಗೋಕಾಕ ಆರಿಸಿದಳು. ತೆರೆಯ ಮೇಲೆ ಕೆಂಪು ಬಣ್ಣದಲ್ಲಿ ಬಂತು: ನಿಮ್ಮ ಉತ್ತರ ಗೋಕಾಕ - ತಪ್ಪು. ಸರಿ ಉತ್ತರ ಗೋಕಾಕ.

ಫೋನ್ ಮಾಡಿದಳು. "ಮಾಮಾ, ಫಾಲ್ಸ್ ಗೋಕಾಕದಾಗ ಐತಿ ಹೌದಿಲ್ಲೋ?"

"ಹೌದು ಪುಟ್ಟಿ, ನಾವೆಲ್ಲಾ ಕೂಡಿ ಹೋಗಿದ್ವಲ್ಲ."

"ಮತ್ತ ಇದು ಯಾಕ ತಪ್ಪ ಅಂತೈತಿ? ಅಪ್ಪಾ ಅಂತಾರ, ಕಂಪ್ಯೂಟರ್ ಸುಳ್ಳ ಹೇಳಂಗಿಲ್ಲ, ನೀನ ಬ್ಯಾರೆ ಏನರ ಒತ್ತಿರಬೇಕು ಅಂತ."

ನನಗೆ ಕಸಿವಿಸಿಯಾಗಿದ್ದು ಆ ಮಾತಿಗೆ. ಕಣ್ಣಾರೆ ಕಂಡ ನೀರಿಗಿಂತ ಕೆಂಪು ಅಕ್ಷರವನ್ನೇ ಮನೆಮಂದಿ ನಂಬುತ್ತಿದ್ದಾರೆ. ಒಂದು ಅಂಕದ ಮಾತಲ್ಲ, ನನಗೆ ಗೊತ್ತಿದೆ ಅನ್ನುವ ಧೈರ್ಯವನ್ನೇ ಮಗು ಕಳೆದುಕೊಳ್ಳುತ್ತಿದೆ.

ಪುಟದ ಒಳಗನ್ನು ತೆಗೆದು ನೋಡಿದೆ. ಅಲ್ಲಿ ಗುಂಡಿಯ ಬೆಲೆಯಾಗಿ ಊರಿನ ಹೆಸರನ್ನೇ ಕನ್ನಡದಲ್ಲಿ ಬರೆದಿದ್ದರು. ಸರಿ ಉತ್ತರಗಳ ಪಟ್ಟಿಯನ್ನು ಬೇರೆ ಯಾರೋ, ಬೇರೆ ಸಾಧನದಿಂದ ತಯಾರಿಸಿದ್ದರು. ಎರಡನ್ನೂ ಹೋಲಿಸಿ ಒಂದೇ ಆದರೆ ಅಂಕ. ಕಣ್ಣಿಗೆ ಎರಡೂ ಗೋಕಾಕವೇ. ಆದರೆ ಅಕ್ಷರ ಎಣಿಸಲು ಹೇಳಿದರೆ ಜಾವಾಸ್ಕ್ರಿಪ್ಟ್ ಒಂದನ್ನು 5 ಅಂದಿತು, ಇನ್ನೊಂದನ್ನು 7 ಅಂದಿತು!

ಇದರ ಮೂಲ ಯುನಿಕೋಡಿನಲ್ಲಿದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಜಾಗ ಇದೆ. ಓತ್ವದ ದೀರ್ಘಕ್ಕೆ, ಅಂದರೆ 'ಗೋ'ದಲ್ಲಿರುವ ಆ ಚಿಹ್ನೆಗೆ, ಒಂದೇ ಸಂಖ್ಯೆ ಇದೆ: 3275. ಅದರ ಜೊತೆಗೆ ಅದನ್ನು ಬಿಡಿಬಿಡಿಯಾಗಿಯೂ ಬರೆಯಬಹುದು. ಎತ್ವ 3270, ಕೊಂಬಿನ ದೀರ್ಘ 3266, ಆಮೇಲೆ ದೀರ್ಘದ ಗುರುತು 3285. ನಾವು ಶಾಲೆಯಲ್ಲಿ ಸ್ಲೇಟಿನ ಮೇಲೆ ಬರೆಯುವ ಹಾಗೆ, ಮೊದಲು ತಲೆಯ ಮೇಲೆ ಎತ್ವ, ಪಕ್ಕದಲ್ಲಿ ಕೊಂಬು, ಕೊನೆಗೆ ದೀರ್ಘ ಎಳೆದಂತೆ. ಎರಡೂ ತೆರೆಯ ಮೇಲೆ ಒಂದೇ ಥರ ಮೂಡುತ್ತವೆ, ಎರಡೂ ಸಮಾನ ಅಂತ ಯುನಿಕೋಡ್ ಕೂಡ ಹೇಳುತ್ತದೆ. ಆದರೆ ಜಾವಾಸ್ಕ್ರಿಪ್ಟಿನ 'ಎರಡೂ ಒಂದೇನಾ' ಅನ್ನುವ ಗುರುತು ಇದನ್ನೆಲ್ಲ ಕೇಳುವುದಿಲ್ಲ. ಸಂಖ್ಯೆಗೆ ಸಂಖ್ಯೆ ತಾಳೆ ನೋಡುತ್ತದೆ, ಬೇರೆ ಅನ್ನುತ್ತದೆ.

ಇನ್ನೊಂದು ಮಜಾ ನೋಡಿ. ನಮ್ಮ ಮೂರು ಊರುಗಳಲ್ಲಿ ಗೋಕಾಕಕ್ಕೆ ಈ ರೋಗ ಇದೆ, ಹುಕ್ಕೇರಿಗೂ ಇದೆ (ಅಲ್ಲಿನ ಏತ್ವದ ದೀರ್ಘ 3271, ಬಿಡಿಸಿದರೆ 3270 ಮತ್ತು 3285, ಎಣಿಕೆ 8 ಇದ್ದದ್ದು 9 ಆಗುತ್ತದೆ). ಮೂಡಲಗಿಗೆ ಇಲ್ಲ! ಕೊಂಬಿನ ದೀರ್ಘವನ್ನು ಬಿಡಿಸಲು ಬರುವುದಿಲ್ಲ, ಹೇಗೆ ಬರೆದರೂ 6. ಆ ರಸಪ್ರಶ್ನೆಯಲ್ಲಿ ಉತ್ತರ ಮೂಡಲಗಿ ಆಗಿದ್ದ ಪ್ರಶ್ನೆಗೆ ಅವಳಿಗೆ ಅಂಕ ಬಂದಿತ್ತು, ಗೋಕಾಕ ಹುಕ್ಕೇರಿಗಳಿಗೆ ಬಂದಿರಲಿಲ್ಲ. ಅವಳು ಅಂದುಕೊಂಡಿದ್ದು ತನಗೆ ತನ್ನೂರು ಬಿಟ್ಟರೆ ಬೇರೇನೂ ಗೊತ್ತಿಲ್ಲ ಅಂತ. ಅಪ್ಪನಿಗೂ ಕೇಳಿಸುವ ಹಾಗೆ ಸ್ಪೀಕರ್ ಹಾಕಿಸಿ ವಿವರಿಸಿದೆ. ಅವಳ ಅಂಕ 20ಕ್ಕೆ 17, ಪುಟ ಕೊಟ್ಟಿದ್ದು 12. ಪುಟ ಮಾಡಿದವರಿಗೂ ಬರೆದು ತಿಳಿಸಿದೆ, ಒಂದು ವಾರದಲ್ಲಿ ಸರಿಪಡಿಸಿದರು ಪಾಪ.

* * *

ಬಿಡಿಸಿದ್ದನ್ನು ಕೂಡಿಸುವ ನಾರ್ಮಲೈಸ್ ಅನ್ನುವ ಉಪಾಯ ಜಾವಾಸ್ಕ್ರಿಪ್ಟಿನ ಮಾನಕಕ್ಕೆ ಬಂದಿದ್ದು 2015ರಲ್ಲಿ, ಅಂದರೆ ಭಾಷೆ ಹುಟ್ಟಿ 20 ವರ್ಷದ ಮೇಲೆ. ಅದೂ ಎಲ್ಲ ಕಾಯಿಲೆಗೂ ಮದ್ದಲ್ಲ. ಗೋಕಾಕ, ಗೋಕಾಕ್ ಎರಡೂ ಬಳಕೆಯಲ್ಲಿವೆ. ಅರ್ಧಾಕ್ಷರದ ಪಕ್ಕ ಒತ್ತು ಬೀಳದಂತೆ ತಡೆಯಲು ನಾವು ಹಾಕುವ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆಯಲ್ಲ, ರಾಜ್‌ಕುಮಾರ್ ಅಂತ ಬರೆಯುವಾಗ ನಡುವೆ ಹಾಕುತ್ತೇವಲ್ಲ, ಅದು ನಾರ್ಮಲೈಸ್ ಮಾಡಿದರೂ ಹೋಗುವುದಿಲ್ಲ. ಅಂಕಿಗಳ ಕಥೆ ಇನ್ನೊಂದು. ೧೦ ಅಂತ ಕನ್ನಡದಲ್ಲಿ ಬರೆದು ಇದನ್ನು ಸಂಖ್ಯೆ ಮಾಡು ಅಂದರೆ ಜಾವಾಸ್ಕ್ರಿಪ್ಟ್ "ಇದು ಸಂಖ್ಯೆಯೇ ಅಲ್ಲ" ಅಂತ ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಇಂಗ್ಲಿಷ್ ಅಂಕಿಯಲ್ಲೇ ಬರೆದರೂ ಗುಂಡಿಯ ಬೆಲೆ ಯಾವತ್ತೂ ಅಕ್ಷರವೇ. ಒಂದು ಅಂಕಕ್ಕೆ ಇನ್ನೊಂದು ಅಂಕ ಹಾಗೇ ಕೂಡಿಸಿದರೆ 2 ಆಗುವುದಿಲ್ಲ, 11 ಆಗುತ್ತದೆ! (ಇಂಥ ತಪ್ಪು ಸಿಇಟಿಯಲ್ಲಿ ಆಗಿದ್ದರೆ ನಮಗೆಲ್ಲ ಮೊದಲ ರ‍್ಯಾಂಕ್.)

ಹಳೆ ಕಾಲದವರು ಪಟ್ಟ ಪಾಡು ಇದಕ್ಕಿಂತ ಹೆಚ್ಚು. 1998ರಲ್ಲಿ ಬರಹ ಬಂತು, ಆಮೇಲೆ ನುಡಿ ಬಂತು. ಆಗಿನ ಫಾಂಟುಗಳಲ್ಲಿ ಕಂಪ್ಯೂಟರಿನ ಮಟ್ಟಿಗೆ ಕನ್ನಡ ಅಕ್ಷರ ಅನ್ನುವುದೇ ಇರಲಿಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳು ಕೂತಿದ್ದವು. ಎತ್ವ ಬೇರೆ, ಕೊಂಬು ಬೇರೆ, ದೀರ್ಘ ಬೇರೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಜೊತೆ ಯುನಿಕೋಡ್ ಕನ್ನಡ ಬಂದ ಮೇಲೂ ಪುಟದ ಸಂಕೇತ ಸರಿಯಾಗಿ ಸೂಚಿಸದಿದ್ದರೆ ಫಾರ್ಮಿನಲ್ಲಿ ಬರೆದ 'ಗ' ಸರ್ವರ್ ತಲುಪುವಾಗ &#3223; ಆಗಿಬಿಡುತ್ತಿತ್ತು. ಹಳೆಯ ಕನ್ನಡ ಪುಟಗಳಲ್ಲಿ ಇಂಥ ಸಂಖ್ಯೆಗಳ ಸಾಲು ಈಗಲೂ ಅಲ್ಲಲ್ಲಿ ಸಿಗುತ್ತದೆ. ಒಂದು ಕಾಲದ ಶಿಲಾಶಾಸನ ಅಂದುಕೊಳ್ಳಿ.

ಹಾಗಾದರೆ ಸರಿಯಾದ ದಾರಿ ಯಾವುದು? ಅದು ನಮ್ಮೂರ ರಸ್ತೆಯ ಮೇಲೇ ಓಡಾಡುತ್ತಿದೆ. ಗಾಡಿಗಳ ನಂಬರ್ ಪ್ಲೇಟ್ ನೋಡಿ. ಗೋಕಾಕಿಗೆ ಕೆಎ 49, ಚಿಕ್ಕೋಡಿಗೆ 23, ಬೆಳಗಾವಿಗೆ 22. ಹೆಸರನ್ನು ಗೋಕಾಕ್ ಅನ್ನಿ, ಗೋಕಾಕ ಅನ್ನಿ, 49 ಬದಲಾಗುವುದಿಲ್ಲ. 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಇಂಗ್ಲಿಷಿನಲ್ಲೂ ಬೆಳಗಾವಿ ಆಯಿತು, 22 ಹಾಗೇ ಉಳಿಯಿತು. ಫಾರ್ಮಿನ ಆಯ್ಕೆಯಲ್ಲೂ ಎರಡು ಭಾಗ ಇರುವುದು ಇದಕ್ಕೇ. ಕಣ್ಣಿಗೆ ಕಾಣುವ ಹೆಸರು ಜನರಿಗೆ, ಒಳಗಿನ ಬೆಲೆ ಯಂತ್ರಕ್ಕೆ. 1990ರ ದಶಕದಲ್ಲೇ ಇದನ್ನು ಯೋಚಿಸಿ ಇಟ್ಟಿದ್ದರು. ಹೆಸರನ್ನು ಹೋಲಿಸದೆ ಬೆಲೆಯನ್ನು ಹೋಲಿಸಿದ್ದರೆ ಆ ಮಗುವಿಗೆ ಐದು ಅಂಕ ಹೋಗುತ್ತಿರಲಿಲ್ಲ.

ರಾಜ್ಯದ ಭೂಮಿ ಯೋಜನೆ ನೆನಪಿಸಿಕೊಳ್ಳಿ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆನ್‌ಲೈನಿನಲ್ಲಿ ಪಹಣಿ ನೋಡಬೇಕೆಂದರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಅಂತ ಒಂದಾದ ಮೇಲೊಂದು ಆಯ್ಕೆ. ಮೂಡಲಗಿ ಮೊದಲು ಗೋಕಾಕ ತಾಲೂಕಿನ ಊರು, 2018ರ ಹೊತ್ತಿಗೆ ತಾನೇ ತಾಲೂಕಾಯಿತು. ಪಟ್ಟಿಯಲ್ಲಿ ಊರಿನ ಜಾಗ ಬದಲಾದರೂ ಹೊಲ ಅಲ್ಲೇ ಇದೆಯಲ್ಲ? ಎಷ್ಟನೇ ಸಾಲು ಅನ್ನುವುದನ್ನಷ್ಟೇ ನಂಬಿದ ಪ್ರೋಗ್ರಾಂ ಆ ದಿನ ದಾರಿ ತಪ್ಪುತ್ತದೆ, ಸ್ಥಿರವಾದ ಸಂಕೇತ ನಂಬಿದ್ದು ತಪ್ಪುವುದಿಲ್ಲ. ಅಂದಹಾಗೆ, ಬೆಳಗಾವಿ ಜಿಲ್ಲೆಯಲ್ಲಿ ಎಷ್ಟು ತಾಲೂಕು ಅಂತ ಕೇಳಿದರೆ ಒಂದು ಕಾಲಕ್ಕೆ 10 ಸರಿ ಉತ್ತರ. ಕಿತ್ತೂರು, ನಿಪ್ಪಾಣಿ, ಕಾಗವಾಡ, ಮೂಡಲಗಿ ಹೊಸದಾಗಿ ಸೇರಿದ ಮೇಲೆ ಅದು ತಪ್ಪು. ಉತ್ತರದ ಪಟ್ಟಿಗೂ ವಯಸ್ಸಾಗುತ್ತದೆ.

* * *

ಇನ್ನೊಂದು ವಿಷಯ ಹೇಳದಿದ್ದರೆ ಚರಿತ್ರೆ ಪೂರ್ತಿಯಾಗುವುದಿಲ್ಲ. ಜಾವಾಸ್ಕ್ರಿಪ್ಟಿನಿಂದ ಉತ್ತರ ಓದುವುದು ಸುಲಭವಾದ ಮೇಲೆ ಬಹಳ ಜನ ಸರಿ ಉತ್ತರಗಳನ್ನೂ ಅದೇ ಪುಟದಲ್ಲಿ ಬರೆದಿಟ್ಟರು. ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿದರೆ ಎಲ್ಲ ಬಯಲು! ಪ್ರಶ್ನೆ ಪತ್ರಿಕೆಯ ಹಿಂಬದಿಯಲ್ಲೇ ಉತ್ತರ ಅಚ್ಚು ಹಾಕಿದ ಹಾಗೆ. ಮನೆಯಲ್ಲಿ ಮಜಾಕ್ಕೆ ಆಡುವ ಆಟಕ್ಕೆ ಪರವಾಗಿಲ್ಲ. ಅಂಕ, ಬಹುಮಾನ, ಪ್ರಮಾಣಪತ್ರ ಇದ್ದರೆ ಓದುವ ಕೆಲಸ ಬ್ರೌಸರಿಗೆ, ತೀರ್ಪು ಹೇಳುವ ಕೆಲಸ ಸರ್ವರಿಗೆ. ಗೂಗಲ್ ಫಾರ್ಮ್ಸ್‌ಗೆ 2016ರಲ್ಲಿ ರಸಪ್ರಶ್ನೆಯ ಸೌಲಭ್ಯ ಸೇರಿದ ಮೇಲೆ ಮೇಷ್ಟ್ರುಗಳಿಗೆ ಕೋಡ್ ಬರೆಯುವ ತಲೆನೋವು ತಪ್ಪಿದೆ. ಆದರೆ ಬರೆದು ಉತ್ತರಿಸುವ ಪ್ರಶ್ನೆ ಇಟ್ಟರೆ ಹೋಲಿಕೆಯ ಹಳೆ ತೊಂದರೆ ಎಲ್ಲಿದ್ದರೂ ಇದ್ದದ್ದೇ.

ಮನುಷ್ಯರು ನಡೆಸುವ ರಸಪ್ರಶ್ನೆಯನ್ನು ಇದರ ಪಕ್ಕ ಇಟ್ಟು ನೋಡಿ. 2002ರಲ್ಲಿ ಚಂದನದಲ್ಲಿ ಶುರುವಾದ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ನಾ. ಸೋಮೇಶ್ವರ ಅವರ ಮುಂದೆ ಗೋಕಾಕ ಅನ್ನಿ, ಗೋಕಾಕ್ ಅನ್ನಿ, ಪುಸ್ತಕ ಸಿಗುತ್ತದೆ. 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ನಡೆಸಿದಾಗ ನಾಲ್ಕರಲ್ಲಿ ಒಂದು ಹೇಳಿದ ಮೇಲೂ ಲಾಕ್ ಮಾಡುವ ಮುಂಚೆ ಇನ್ನೊಮ್ಮೆ ಕೇಳುತ್ತಿದ್ದರು. ನಿಮ್ಮ ಉತ್ತರ ನನಗೆ ಸರಿಯಾಗಿ ಕೇಳಿಸಿತಾ ಅಂತ ಖಚಿತ ಮಾಡಿಕೊಳ್ಳುವ ಸೌಜನ್ಯ ಅದು. ಫಾರ್ಮಿನಲ್ಲಿ "ನೀವು ಆರಿಸಿದ್ದು ಇದು, ಕಳಿಸಲೇ?" ಅಂತ ತೋರಿಸಲು ನಾಲ್ಕು ಸಾಲು ಕೋಡ್ ಸಾಕು. ನೂರು ವರ್ಷದ ಹಿಂದೆ ಕೆಲ್ಲಿ ಮೇಷ್ಟ್ರು ಗೆರೆ ಎಳೆಸಿದ್ದು ನೋಡುವವರ ಮರ್ಜಿಯಿಂದ ಮಕ್ಕಳನ್ನು ಪಾರು ಮಾಡಲಿಕ್ಕೆ. ಈಗ ನೋಡುವವರ ಜಾಗದಲ್ಲಿ ಕೋಡ್ ಬರೆಯುವ ನಾವು ಕೂತಿದ್ದೇವೆ. ಅಷ್ಟು ಮಾತ್ರ ಮರೆಯಬಾರದು.

ನಮ್ಮ ಕಡೆ ರಸಪ್ರಶ್ನೆ ಮಾಡಲು ಸಾಮಾನಿಗೇನೂ ಕೊರತೆ ಇಲ್ಲ. ಬಸವರಾಜ ಕಟ್ಟೀಮನಿ ಹುಟ್ಟಿದ್ದು ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ, ಬೆಟಗೇರಿ ಕೃಷ್ಣಶರ್ಮರು ಅದೇ ತಾಲೂಕಿನ ಬೆಟಗೇರಿಯಲ್ಲಿ. ಹುಕ್ಕೇರಿಯಲ್ಲಿ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಶುರುವಾಗಿತ್ತು. ಇಂಥವನ್ನೆಲ್ಲ ಮಕ್ಕಳಿಗೆ ಕನ್ನಡದಲ್ಲೇ ಕೇಳಬೇಕು, ಅವರು ಕನ್ನಡದಲ್ಲೇ ಉತ್ತರಿಸಬೇಕು, ಕಂಪ್ಯೂಟರ್ ಅದನ್ನು ಸರಿಯಾಗಿ ಓದಬೇಕು.

ಕೊನೆಗೆ ನಿಮಗೊಂದು ಆಟ. ನಿಮ್ಮ ಊರಿನ ಹೆಸರು ಬಿಡಿಸಲು ಬರುತ್ತದಾ ನೋಡಿ. ಬೇಲೂರು, ಕೋಲಾರ, ಕೊಡಗು, ಮೈಸೂರು, ಬೀದರ್ - ಇವೆಲ್ಲ ಗೋಕಾಕದ ಪಂಗಡ. ಹಾಸನ, ಮಂಡ್ಯ, ತುಮಕೂರು - ಇವು ಮೂಡಲಗಿಯ ಪಂಗಡ, ನಿಶ್ಚಿಂತೆ. ನಿಮ್ಮದು ಯಾವುದು?